ಅರ್ಧ ಸೆಕೆಂಡ್ ತಡ ಆಗಿದ್ದಕ್ಕೆ ಸಿಕ್ಕಿಬಿದ್ದ ಕಳ್ಳ ಕೋಡ್

ಅತ್ತಿಗುಂಡಿಯಿಂದ ಮಾತಾಡ್ತಿದ್ದೀನಿ. ಚಿಕ್ಕಮಗಳೂರಿಂದ ಬಾಬಾಬುಡನ್‌ಗಿರಿ ಕಡೆ ಹೋಗುವಾಗ ಸಿಗುತ್ತಲ್ಲ, ಅದೇ ಊರು. ಇವತ್ತಿನ ವಿಷಯ ಓಪನ್ ಸೋರ್ಸ್, ಅಂದ್ರೆ ಕೋಡನ್ನ ಯಾರು ಬೇಕಾದ್ರೂ ನೋಡಬಹುದಾದ ಸಾಫ್ಟ್‌ವೇರ್. ಅದು ನಮ್ಮ ಕೈಗೆ ಬರೋ ಮುಂಚೆ ಎಷ್ಟು ಜರಡಿ ದಾಟಿ ಬರುತ್ತೆ ಅಂತ ನೋಡೋಣ.

ಕಾಫಿ ಸೀಮೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಬಾಳೆಹೊನ್ನೂರು ಹತ್ತಿರದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಹೊಸ ತಳಿ ಮಾಡಿದ ಮಾರನೇ ದಿನವೇ ಬೀಜ ಹಂಚಲ್ಲ. ಎಲೆ ತುಕ್ಕು ರೋಗ ತಡೆಯುತ್ತಾ, ಇಳುವರಿ ಹೇಗೆ, ರುಚಿ ಹೇಗೆ ಅಂತ ವರ್ಷಗಟ್ಟಲೆ ನೋಡ್ತಾರೆ. ಚಂದ್ರಗಿರಿ ತಳಿ ಬಿಡುಗಡೆ ಆಗಿದ್ದು ಹಾಗೆ, 2007ರಲ್ಲಿ. ತೋಟ ತುಂಬಾ ನೆಟ್ಟ ಮೇಲೆ ತಪ್ಪು ಗೊತ್ತಾದ್ರೆ ಬೆಳೆಗಾರನ ಗತಿ ಏನು?

ಡೆಬಿಯನ್ ಅನ್ನೋ ಲಿನಕ್ಸ್ ಕೂಡ ಹೀಗೇ. 1993ರಲ್ಲಿ ಶುರುವಾಗಿದ್ದು, ನಡೆಸೋರು ಸ್ವಯಂಸೇವಕರು. ಹೊಸ ಕೋಡ್ ಮೊದಲು 'ಅನ್‌ಸ್ಟೇಬಲ್'ಗೆ ಬರುತ್ತೆ. ಇದರ ಅಡ್ಡಹೆಸರು 'ಸಿಡ್', ಟಾಯ್ ಸ್ಟೋರಿ ಸಿನಿಮಾದಲ್ಲಿ ಆಟಿಕೆ ಮುರಿಯೋ ಹುಡುಗನ ಹೆಸರು! ಕೆಲವು ದಿನ ದೊಡ್ಡ ದೋಷ ಕಾಣಿಸದಿದ್ರೆ 'ಟೆಸ್ಟಿಂಗ್'ಗೆ ಹೋಗುತ್ತೆ. ಆಮೇಲೆ 'ಫ್ರೀಜ್': ಹೊಸ ಫೀಚರ್ ಬಂದ್, ದೋಷ ಸರಿ ಮಾಡೋದು ಮಾತ್ರ. ಸುಮಾರು ಎರಡು ವರ್ಷಕ್ಕೊಮ್ಮೆ 'ಸ್ಟೇಬಲ್' ಹೊರಬರುತ್ತೆ.

ಇಷ್ಟೆಲ್ಲ ಯಾಕೆ ಅಂತೀರಾ? 2024ರ ಮಾರ್ಚ್ ಕಥೆ ಕೇಳಿ.

ಎಕ್ಸ್‌ಝಡ್ ಅನ್ನೋ ಪುಟ್ಟ ಸಾಫ್ಟ್‌ವೇರ್ ಇದೆ, ಫೈಲ್ ಕುಗ್ಗಿಸೋಕೆ. ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ಇದೆ, ಆದ್ರೆ ನೋಡ್ಕೊಳ್ತಿದ್ದದ್ದು ಮುಖ್ಯವಾಗಿ ಒಬ್ಬರೇ. ಅವರಿಗೆ ಸುಸ್ತಾಗಿತ್ತು. 'ಜಿಯಾ ಟಾನ್' ಅನ್ನೋ ಹೆಸರಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡಿ, ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟುಬಿಟ್ರು. ಸರ್ವರ್ ಒಳಗೆ ಕಳ್ಳದಾರಿ!

ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಡೆಬಿಯನ್ ಸಿಡ್‌ನಲ್ಲಿ ಬೇರೇನೋ ಪರೀಕ್ಷೆ ಮಾಡ್ತಿದ್ರು. ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗ್ತಿದೆ ಅನ್ನಿಸ್ತು. "ಹೋಗ್ಲಿ ಬಿಡು" ಅನ್ನಲಿಲ್ಲ, ಕೆದಕಿದ್ರು. ಮಾರ್ಚ್ 29ಕ್ಕೆ ಜಗತ್ತಿಗೆ ಹೇಳಿದ್ರು. ಕೆಟ್ಟ ಕೋಡ್ ಆಗಲೇ ಟೆಸ್ಟಿಂಗ್ ತನಕ ಬಂದಿತ್ತು, ಆದ್ರೆ ಡೆಬಿಯನ್ ಸ್ಟೇಬಲ್ ಮುಟ್ಟಿರಲಿಲ್ಲ. ಉಬುಂಟು 24.04ರ ಬೀಟಾವನ್ನ ಒಂದು ವಾರ ಮುಂದಕ್ಕೆ ಹಾಕಿ, ಪ್ಯಾಕೇಜ್‌ಗಳನ್ನ ಮತ್ತೆ ಹೊಸದಾಗಿ ಕಟ್ಟಿದ್ರು. ಆದ್ರೂ ಸ್ಟೇಬಲ್ ಆವೃತ್ತಿ ಏಪ್ರಿಲ್ 25ಕ್ಕೆ, ಹೇಳಿದ ದಿನಕ್ಕೇ ಬಂತು.

ಇದರಲ್ಲಿ ಅದೃಷ್ಟವೂ ಇತ್ತು, ಸುಳ್ಳು ಹೇಳಲ್ಲ. ಆದ್ರೆ ಅದೃಷ್ಟ ಕೆಲಸ ಮಾಡೋಕೆ ಟೈಮ್ ಬೇಕಲ್ಲ, ಆ ಟೈಮ್ ಕೊಟ್ಟಿದ್ದು ಈ ಹಂತಗಳು. ಬಂದಿದ್ದು ನೇರ ಸ್ಟೇಬಲ್‌ಗೆ ಹೋಗಿದ್ರೆ?

ಸ್ಟೇಬಲ್ ಅಂದ್ರೆ ದೋಷವೇ ಇಲ್ಲ ಅಂತಲ್ಲ. "ಇನ್ನು ದಿನಕ್ಕೊಂದು ಬದಲಾವಣೆ ತರಲ್ಲ, ಭದ್ರತೆ ಮತ್ತು ಗಂಭೀರ ದೋಷ ಮಾತ್ರ ಸರಿ ಮಾಡ್ತೀವಿ" ಅಂತ ಕೊಡೋ ಮಾತು ಅದು.

ನಾವೇನು ಮಾಡಬಹುದು? ಫೈರ್‌ಫಾಕ್ಸ್ ನೈಟ್ಲಿ ಆಂಡ್ರಾಯ್ಡ್‌ನಲ್ಲೂ ಸಿಗುತ್ತೆ. ಹಳೇ ಫೋನ್ ಇದ್ರೆ ಅದರಲ್ಲಿ ಹಾಕಿ. ಯುಪಿಐ ಇರೋ ಫೋನ್‌ನಲ್ಲಿ ಮಾತ್ರ ಪ್ರಯೋಗ ಬೇಡ. ಕನ್ನಡ ಸೈಟ್ ತೆಗೆದು ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಕಾಣುತ್ತಾ ನೋಡಿ. 2018ರಲ್ಲಿ ತೆಲುಗಿನ 'ಜ್ಞಾ' ಅನ್ನೋ ಒಂದೇ ಅಕ್ಷರಕ್ಕೆ ಐಫೋನ್ ಆ್ಯಪ್‌ಗಳು ಕುಸಿದು ಬಿದ್ದಿದ್ವು. ನಮ್ಮ ಲಿಪಿಗಳನ್ನ ನಾವೇ ಪರೀಕ್ಷೆ ಮಾಡದಿದ್ರೆ ಯಾರು ಮಾಡ್ತಾರೆ?

ದೋಷ ಕಂಡ್ರೆ ಮೂರು ವಿಷಯ ಬರೆದು ಕಳಿಸಿ: ಯಾವ ಆವೃತ್ತಿ, ಏನು ಮಾಡಿದಾಗ ಆಯ್ತು, ಏನಾಗಬೇಕಿತ್ತು. ಜೊತೆಗೊಂದು ಸ್ಕ್ರೀನ್‌ಶಾಟ್. ಕೋಡಿಂಗ್ ಬರಬೇಕು ಅಂತೇನಿಲ್ಲ, ಅರ್ಧ ಸೆಕೆಂಡ್ ತಡ ಆಗಿದ್ದನ್ನ ಗಮನಿಸೋ ಕಣ್ಣಿದ್ರೆ ಸಾಕು.