ನನ್ನ 23,400, ಅವರ 24,000: ಇದರಲ್ಲಿ ಬಿಟ್ಟಿ ಯಾವುದು?

ಹೋದ ತಿಂಗಳು ನಮ್ಮ ಮನೆಯಲ್ಲಿ ಮಗುವಿನ ನಾಮಕರಣ ಇತ್ತು. ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಂಡು ಕೂತಾಗ ಮಾತು ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತೇ ಇದೆ. ನಮ್ಮ ಭಾವ ಶುರು ಮಾಡಿದ್ರು. "ಟ್ಯಾಕ್ಸ್ ಕಟ್ಟೋರು ನಾವು, ಹಂಚೋರು ಇವರು. ಬಸ್ಸು ಬಿಟ್ಟಿ, ಕರೆಂಟು ಬಿಟ್ಟಿ, ತಿಂಗಳಾದ್ರೆ ಎರಡು ಸಾವಿರ ಬಿಟ್ಟಿ. ಆಸ್ಪತ್ರೆನೂ ಬಿಟ್ಟಿ. ಜನ ಸೋಮಾರಿಗಳಾಗ್ದೆ ಇನ್ನೇನಾಗ್ತಾರೆ?"

ಗೃಹಜ್ಯೋತಿಯಿಂದಾಗಿ ಭಾವನ ಮನೆಯ ಕರೆಂಟ್ ಬಿಲ್ಲೂ ಸೊನ್ನೆಯೇ ಬರುತ್ತೆ. ಅದನ್ನು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಕ್ಕು ಸುಮ್ಮನಾದೆ.

ಆಗ ಹಿಂದಿನ ಬಚ್ಚಲಲ್ಲಿ ಪಾತ್ರೆ ತೊಳೀತಾ ಇದ್ದವರು ನಮ್ಮ ಮನೆಗೆ ಕೆಲಸಕ್ಕೆ ಬರುವವರು. ಏಳು ವರ್ಷದಿಂದ ಬರ್ತಾ ಇದ್ದಾರೆ. ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು. ಮರುದಿನ ಬೆಳಗ್ಗೆ ಕಸ ಗುಡಿಸ್ತಾ, ನನ್ನ ಮುಖ ನೋಡದೆ ಅಂದ್ರು: "ಆ ಎರಡು ಸಾವಿರ ನಾವು ತಿಂದಿಲ್ಲಣ್ಣ. ನಮ್ಮ ಯಜಮಾನ್ರ ಮಾತ್ರೆಗೆ ಹೋಗುತ್ತೆ."

ಅಷ್ಟೇ ಅಂದಿದ್ದು. ಇವತ್ತಿನ ಮಾತು ಆ ಒಂದು ವಾಕ್ಯದ ಬಗ್ಗೆ.

ಅವರ ಗಂಡ ಮಾರುಕಟ್ಟೆಯಲ್ಲಿ ಹಮಾಲಿ. ಎರಡು ವರ್ಷದ ಹಿಂದೆ ಮೂಟೆ ಹೊತ್ತಾಗ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದರು, ಸ್ಟೆಂಟ್ ಹಾಕಿದರು. ಅವರದ್ದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಪರೇಷನ್ನಿಗೆ ಅವರು ಒಂದು ಪೈಸೆ ಕೊಡಲಿಲ್ಲ. ಆ ಯೋಜನೆ ಇಲ್ಲದಿದ್ದರೆ ಆ ಮನುಷ್ಯ ಇವತ್ತು ಇರುತ್ತಿರಲಿಲ್ಲ. ಇದನ್ನು ಮೊದಲು ಹೇಳಿಬಿಡಬೇಕು.

ಆದರೆ ಮನೆಗೆ ಬಂದ ಮೇಲೆ? ಹೃದಯಕ್ಕೆ ಮಾತ್ರೆ, ಬಿಪಿಗೆ ಮಾತ್ರೆ, ಶುಗರ್‌ಗೆ ಮಾತ್ರೆ. ಜೀವನಪೂರ್ತಿ. ಈ ಕಾರ್ಡು ಮುಖ್ಯವಾಗಿ ನಡೆಯುವುದು ನೀವು ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಿದ್ದಾಗ. ಎದ್ದು ಮನೆಗೆ ಹೋದ ಮೇಲೆ ಕೆಲವು ದಿನದ ಔಷಧಿ ಕೊಡ್ತಾರೆ, ಆಮೇಲೆ ನಿಮ್ಮ ಪಾಡು ನಿಮಗೆ. ಸರ್ಕಾರಿ ಆಸ್ಪತ್ರೆಗೆ ಹೋದರೆ ಇದ್ದ ಮಾತ್ರೆ ಕೊಡ್ತಾರೆ, ಇಲ್ಲದ್ದನ್ನು ಹೊರಗೆ ತಗೊಳ್ಳಿ ಅಂತ ಚೀಟಿ ಬರೀತಾರೆ. ಆ ಮನೆಯಲ್ಲಿ ತಿಂಗಳಿಗೆ ಔಷಧಿಗೆ 1,600 ರೂಪಾಯಿ ಆಗುತ್ತೆ. ಗಂಡ ಈಗ ಮೂಟೆ ಹೊರೋ ಹಾಗಿಲ್ಲ. ಗೃಹಲಕ್ಷ್ಮಿ ಕಂತು ಎರಡು-ಮೂರು ತಿಂಗಳು ತಡವಾದಾಗ ಆ ಮನೆಯಲ್ಲಿ ಏನಾಗುತ್ತೆ ಗೊತ್ತಾ? ಎರಡು ಹೊತ್ತಿನ ಮಾತ್ರೆಯನ್ನು ಒಂದೇ ಹೊತ್ತು ನುಂಗ್ತಾರೆ.

ಅವತ್ತು ರಾತ್ರಿ ನಾನು ನನ್ನ ಆದಾಯ ತೆರಿಗೆ ಕಡತ ತೆಗೆದು ಕೂತೆ. ನಾನು ಇನ್ನೂ ಹಳೇ ತೆರಿಗೆ ಪದ್ಧತಿಯಲ್ಲೇ ಇದ್ದೇನೆ. ಅದರಲ್ಲಿ ಸೆಕ್ಷನ್ 80ಡಿ ಅಂತ ಇದೆ. ನನ್ನ, ಹೆಂಡತಿಯ, ಮಕ್ಕಳ ಆರೋಗ್ಯ ವಿಮೆ ಕಂತಿಗೆ 25,000 ರೂಪಾಯಿವರೆಗೆ, ಹಿರಿಯ ನಾಗರಿಕರಾದ ಅಪ್ಪ-ಅಮ್ಮನ ವಿಮೆಗೆ 50,000 ರೂಪಾಯಿವರೆಗೆ ವಿನಾಯಿತಿ. ಒಟ್ಟು 75,000. ನಾನು ಬರುವುದು ಶೇ.30ರ ತೆರಿಗೆ ಹಂತದಲ್ಲಿ, ಅದರ ಮೇಲೆ ಶೇ.4 ಸೆಸ್. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 23,400 ರೂಪಾಯಿ ತೆರಿಗೆ ನನಗೆ ಉಳಿಯುತ್ತೆ.

ಗೃಹಲಕ್ಷ್ಮಿ ವರ್ಷಕ್ಕೆ ಎಷ್ಟು? ಎರಡು ಸಾವಿರ ಇಂಟು ಹನ್ನೆರಡು. 24,000.

ಅಂದರೆ ನನ್ನ ಮನೆಯ ಆರೋಗ್ಯಕ್ಕೆ ಸರ್ಕಾರ ಬಿಟ್ಟುಕೊಟ್ಟ ಹಣ ಮತ್ತು ಅವರ ಖಾತೆಗೆ ಹಾಕಿದ ಹಣ, ಎರಡೂ ಹತ್ತಿರ ಹತ್ತಿರ ಒಂದೇ. ಆರುನೂರು ರೂಪಾಯಿ ವ್ಯತ್ಯಾಸ. ಅವರು ಅದಕ್ಕಾಗಿ ಸೇವಾ ಕೇಂದ್ರದ ಮುಂದೆ ಸಾಲಲ್ಲಿ ನಿಂತರು, ಆಧಾರ್ ಲಿಂಕ್ ಆಗಿಲ್ಲ ಅಂತ ಬ್ಯಾಂಕಿಗೆ ಮೂರು ಸಲ ಅಲೆದರು, ಈಗ ಬೈಸಿಕೊಳ್ತಾ ಇದ್ದಾರೆ. ನಾನು ಎಲ್ಲೂ ನಿಲ್ಲಲಿಲ್ಲ. ನನಗೆ ಯಾರೂ ಸೋಮಾರಿ ಅನ್ನಲಿಲ್ಲ.

"ಅಯ್ಯೋ, ಅದು ನಿಮ್ಮ ದುಡ್ಡೇ ಅಲ್ವಾ ಸಾರ್, ನೀವೇ ದುಡಿದಿದ್ದು" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ತೆರಿಗೆ ನಾನೊಬ್ಬನೇ ಕಟ್ಟುತ್ತಿಲ್ಲ. ಅವರ ಮೊಬೈಲ್ ರೀಚಾರ್ಜ್ ಮೇಲೆ ಶೇ.18 ಜಿಎಸ್‌ಟಿ ಇದೆ, ನನ್ನ ರೀಚಾರ್ಜ್ ಮೇಲೂ ಅಷ್ಟೇ ಇದೆ. ಆ ತೆರಿಗೆ ನಿಮ್ಮ ಸಂಬಳ ಎಷ್ಟು ಅಂತ ಕೇಳೋದಿಲ್ಲ. ಇನ್ನೊಂದು ವಿಷಯ. ವಿನಾಯಿತಿಗಳಿಂದ ಎಷ್ಟು ತೆರಿಗೆ ಬಾರದೆ ಹೋಯಿತು ಅನ್ನುವ ಪಟ್ಟಿಯನ್ನು ಕೇಂದ್ರ ಸರ್ಕಾರವೇ ಬಜೆಟ್ ಜೊತೆಗೆ ಕೊಡುತ್ತೆ. ಬರಬೇಕಾದದ್ದನ್ನು ಬಿಟ್ಟರೂ ಖಜಾನೆಗೆ ಖರ್ಚೇ ಅಂತ ಸರ್ಕಾರಕ್ಕೂ ಗೊತ್ತು.

ಇದು ನನ್ನಂಥವರ ಲೆಕ್ಕ. ಇನ್ನೂ ಮೇಲೆ ಹೋಗೋಣ.

2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ಮೇಲಿನ ಮೂಲ ತೆರಿಗೆ ದರವನ್ನು, ಬೇರೆ ವಿನಾಯಿತಿ ಬಿಟ್ಟುಕೊಡುವವರಿಗೆ, ಶೇ.22ಕ್ಕೆ ಇಳಿಸಿತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಬಿಟ್ಟಂತಾಗುತ್ತೆ ಅಂತ ಅವತ್ತು ಸರ್ಕಾರವೇ ಅಂದಾಜು ಹೇಳಿತ್ತು. ಕರ್ನಾಟಕದ ಐದೂ ಗ್ಯಾರಂಟಿಗಳಿಗೆ 2024-25ರ ಬಜೆಟ್ಟಿನಲ್ಲಿ ಇಟ್ಟದ್ದು ಸುಮಾರು 52,000 ಕೋಟಿ. ಒಂದು ದೆಹಲಿಯ ಜೇಬು, ಇನ್ನೊಂದು ಬೆಂಗಳೂರಿನ ಜೇಬು. ನೇರವಾಗಿ ಹೋಲಿಸೋಕಾಗಲ್ಲ, ಒಪ್ತೀನಿ. ಆದರೆ ಕಂಪನಿ ತೆರಿಗೆಯಲ್ಲಿ ರಾಜ್ಯಗಳಿಗೂ ಪಾಲಿದೆ. ಅಲ್ಲಿ ಕಡಿಮೆಯಾದರೆ ಇಲ್ಲೂ ಕಡಿಮೆಯಾಗುತ್ತೆ.

ಸಂಪತ್ತು ತೆರಿಗೆ ಅಂತ ಒಂದಿತ್ತು. 2015ರ ಬಜೆಟ್ಟಿನಲ್ಲಿ ಅದನ್ನು ರದ್ದು ಮಾಡಿದರು. ಬರುತ್ತಿದ್ದದ್ದು ಸುಮಾರು ಸಾವಿರ ಕೋಟಿ, ವಸೂಲಿ ಖರ್ಚು ಜಾಸ್ತಿ ಅಂದರು. ಅದರ ಬದಲು ಒಂದು ಕೋಟಿಗಿಂತ ಹೆಚ್ಚು ಆದಾಯ ಇದ್ದವರಿಗೆ ಸರ್ಚಾರ್ಜ್ ಏರಿಸಿದರು. ಆದರೆ ಅದು ಆದಾಯದ ಮೇಲೆ. ಇಟ್ಟುಕೊಂಡಿರುವ ಆಸ್ತಿಯ ಮೇಲೆ ಅಲ್ಲ. 2022-23ರ ಹೊತ್ತಿಗೆ ದೇಶದ ಸಂಪತ್ತಿನಲ್ಲಿ ಶೇ.40ರಷ್ಟು ಮೇಲಿನ ಶೇ.1 ಜನರ ಕೈಯಲ್ಲಿತ್ತು ಅಂತ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ ಲೆಕ್ಕ ಹಾಕಿದೆ. ಈ ಒಂದರ ಬಗ್ಗೆ ನಾಮಕರಣದ ಮನೆಯಲ್ಲಿ ಯಾರೂ ಮಾತಾಡಲ್ಲ. ಯಾಕಂದ್ರೆ ಆ ಜನ ನಮ್ಮ ಬಚ್ಚಲಲ್ಲಿ ಪಾತ್ರೆ ತೊಳೀತಾ ಕಣ್ಣಿಗೆ ಬೀಳೋದಿಲ್ಲ.

ರಾಜಕೀಯ ಪಕ್ಷಗಳ ಮಾತು ಬೇಡ ಅನ್ಸುತ್ತೆ. 2022ರಲ್ಲಿ ಪ್ರಧಾನಿಯವರು 'ರೇವಡಿ ಸಂಸ್ಕೃತಿ' ಅಂತ ಟೀಕಿಸಿದರು. ಮುಂದಿನ ವರ್ಷವೇ ಅವರ ಪಕ್ಷದ ಸರ್ಕಾರ ಮಧ್ಯಪ್ರದೇಶದಲ್ಲಿ ಲಾಡ್ಲಿ ಬೆಹನಾ ತಂತು. ಬೇರೆಯವರು ಕೊಟ್ಟರೆ ಬಿಟ್ಟಿ, ನಾವು ಕೊಟ್ಟರೆ ಕಲ್ಯಾಣ.

ಈಗ ಭಾವನ ವಿಷಯಕ್ಕೆ ಬರ್ತೀನಿ. ಅವರನ್ನು ಖಳನಾಯಕ ಮಾಡಿ ಮಾತು ಮುಗಿಸಿದರೆ ತಪ್ಪಾಗುತ್ತೆ.

ಭಾವನದ್ದು ಸಣ್ಣ ಪ್ರಿಂಟಿಂಗ್ ಅಂಗಡಿ. ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸ್ತಾರೆ, ಹಾಗಾಗಿ ಅಕ್ಕನಿಗೆ ಗೃಹಲಕ್ಷ್ಮಿ ಇಲ್ಲ. ಎಪಿಎಲ್ ಕಾರ್ಡು. ಇದೇ ಆರೋಗ್ಯ ಯೋಜನೆಯಲ್ಲಿ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ.30 ಮಾತ್ರ ಸಿಗುತ್ತೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮೂರು ವರ್ಷದ ಹಿಂದೆ ಅಕ್ಕನಿಗೆ ಆಪರೇಷನ್ ಆದಾಗ ಆ ಶೇ.30 ಕೂಡ ಸಿಗಲಿಲ್ಲ, ಕಾಗದಪತ್ರ ಸರಿ ಇಲ್ಲ ಅಂದರು. ಅಕ್ಕನ ಬಳೆ, ಸರ ಎರಡೂ ಅಡವಿಗೆ ಹೋದವು. ಸರ ಇನ್ನೂ ಬಿಡಿಸಿಲ್ಲ. ನಾಮಕರಣಕ್ಕೆ ಅವಳು ಕರಿಮಣಿ ಹಾಕ್ಕೊಂಡೇ ಬಂದಿದ್ದಳು. ಭಾವನ ಸಿಟ್ಟು ಅಲ್ಲಿಂದ ಬಂದದ್ದು. ಆ ಸಿಟ್ಟು ಸುಳ್ಳಲ್ಲ. ಹೋಗಿ ಬಿದ್ದದ್ದು ಮಾತ್ರ ತಪ್ಪು ವಿಳಾಸಕ್ಕೆ.

ನೋಡಿ, ನಮ್ಮ ದೇಶದಲ್ಲಿ 2021-22ರಲ್ಲಿ ಆರೋಗ್ಯಕ್ಕೆ ಆದ ಒಟ್ಟು ಖರ್ಚಿನಲ್ಲಿ ಶೇ.39.4ರಷ್ಟನ್ನು ಜನ ತಮ್ಮ ಕೈಯಿಂದಲೇ ಕಟ್ಟಿದ್ದಾರೆ. 2013-14ರಲ್ಲಿ ಅದು ಶೇ.64ಕ್ಕಿಂತ ಹೆಚ್ಚಿತ್ತು, ಈಗ ಇಳಿದಿದೆ. ಒಳ್ಳೇದೇ. ಇವು ಸರ್ಕಾರದ್ದೇ ಅಂಕಿ-ಅಂಶ. ಆದರೂ ನೂರಕ್ಕೆ 39 ಅಂದರೆ ಎಷ್ಟು ಅಕ್ಕಂದಿರ ಸರ, ಲೆಕ್ಕ ಹಾಕಿ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರಗಳು ಜಿಡಿಪಿಯ ಶೇ.2.5ರಷ್ಟನ್ನು ಆರೋಗ್ಯಕ್ಕೆ ಖರ್ಚು ಮಾಡಬೇಕು ಅಂತ ಗುರಿ ಇಟ್ಟಿತ್ತು. 2021-22ರಲ್ಲಿ ಕೇಂದ್ರ, ರಾಜ್ಯ ಎಲ್ಲ ಸೇರಿ ಮಾಡಿದ್ದು ಶೇ.1.84.

ಗ್ಯಾರಂಟಿಗಳ ಬಗ್ಗೆ ನನಗೂ ತಕರಾರು ಇದೆ. ಎರಡು ಸಾವಿರ ಕೊಟ್ಟು ಕೈ ತೊಳೆದುಕೊಂಡರೆ ಆಗಲ್ಲ. ಆ ಹಣದಿಂದ ಮಾತ್ರೆ ಕೊಳ್ಳಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಖಾಲಿ ಇರುವ ಡಾಕ್ಟರ್ ಕುರ್ಚಿ ತುಂಬಲು ಆಗಲ್ಲ. ಸ್ಟೆಂಟಿಗೆ ಹಣ ಕೊಡುವ ಸರ್ಕಾರ, ಆ ಸ್ಟೆಂಟ್ ಕೆಲಸ ಮಾಡೋಕೆ ಬೇಕಾದ ದಿನದ ಮಾತ್ರೆಯನ್ನು ರೋಗಿಯ ಅದೃಷ್ಟಕ್ಕೆ ಬಿಟ್ಟರೆ ಅದು ಯಾವ ಲೆಕ್ಕಾಚಾರ? ಬಿಪಿ, ಶುಗರ್, ಹೃದಯದ ಮಾತ್ರೆ ಪ್ರತಿ ತಿಂಗಳು ತಪ್ಪದೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಸಿಗಬೇಕು, ಕಾರ್ಡಿನ ಬಣ್ಣ ನೋಡದೆ ಸಿಗಬೇಕು. ಆಗ ಗೃಹಲಕ್ಷ್ಮಿ ದುಡ್ಡು ಮಕ್ಕಳ ಹಾಲಿಗೆ, ಪುಸ್ತಕಕ್ಕೆ ಹೋಗುತ್ತೆ. ಭಾವನಿಗೂ ತಾನು ಕಟ್ಟಿದ ತೆರಿಗೆ ಎಲ್ಲಿ ಹೋಯ್ತು ಅಂತ ಕಣ್ಣಿಗೆ ಕಾಣುತ್ತೆ. ದುಡ್ಡು ಎಲ್ಲಿಂದ ಅಂತೀರಾ? ಮೊದಲು ನನ್ನಂಥವರ ವಿನಾಯಿತಿಯನ್ನೂ, ಮೇಲಿನ ಶೇ.1 ಜನರ ಆಸ್ತಿಯನ್ನೂ ಚರ್ಚೆಗೆ ತನ್ನಿ. ಆಮೇಲೆ ಬಸ್ ಟಿಕೆಟ್ ಬಗ್ಗೆ ಮಾತಾಡೋಣ.

ಮೊನ್ನೆ ಭಾವನಿಗೆ ಫೋನ್ ಮಾಡಿ ಈ 23,400ರ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದ್ರು: "ಸರಿನಪ್ಪ, ನಿನಗೂ ಸಿಕ್ತು, ಅವರಿಗೂ ಸಿಕ್ತು. ನಿಮ್ಮಕ್ಕನಿಗೆ ಏನು ಸಿಕ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅವತ್ತು ಊಟದ ಮನೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೇ ಆಗಿತ್ತು. ಇದನ್ನು ಪಾತ್ರೆ ತೊಳೆಯುವವರ ಕಿವಿಗೆ ಬೀಳೋ ಹಾಗೆ ಕೇಳೋದಲ್ಲ. ಓಟು ಕೇಳೋಕೆ ಬಂದವರ ಮುಖಕ್ಕೆ ಕೇಳಬೇಕು.

ನಿಮ್ಮ ಮನೆಯಲ್ಲೂ ಈ ಚರ್ಚೆ ನಡೆದೇ ಇರುತ್ತೆ. ಮುಂದಿನ ಸಲ ನಡೆದಾಗ ನಿಮ್ಮ ಫಾರ್ಮ್ 16 ಒಂದು ಸಲ ತೆಗೆದು ನೋಡಿ.