ಮೀಲ್ ಮೇಕರು, ಗುಜ್ಜೆ ಮತ್ತು ನಮ್ಮ ತಟ್ಟೆ

(ವಿಶಾಖಪಟ್ಟಣದಲ್ಲಿ ಕನ್ನಡ ಕೆಲಸಗಾರರ ಕೂಟದಲ್ಲಿ ಆಡಿದ ಮಾತು)



ಸಂಬಳದ ಮಾತು, ರಜೆಯ ಮಾತು, ಪ್ರಾವಿಡೆಂಟ್ ಫಂಡಿನ ಮಾತು ಇಲ್ಲಿ ಬೇಕಾದಷ್ಟು ಆಗಿದೆ. ಈ ಸಲ ಅಡಿಗೆಯ ವಿಷಯ ಮಾತಾಡುತ್ತೇನೆಂದಾಗ ಕಾರ್ಯದರ್ಶಿಗಳು ನಕ್ಕರು. ಹಗಲೆಲ್ಲ ಒಲೆಯ ಮುಂದೆ ಬೇಯುವವರಿಗೆ ಅಡಿಗೆಯ ಪಾಠವೇ ಎಂದರು. ನಾವು ದಿನಕ್ಕೆ ನೂರಾರು ಜನಕ್ಕೆ ಬಡಿಸುತ್ತೇವೆ, ನಿಜ. ನಮ್ಮ ತಟ್ಟೆಗೆ ಏನು ಬೀಳುತ್ತದೆಂದು ಮಾತ್ರ ಯಾರೂ ಕೇಳುವುದಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ.

ವಿಜಯವಾಡದಲ್ಲಾಗಲಿ ಇಲ್ಲಾಗಲಿ ಉಡುಪಿ ಊಟದ ಹೋಟೆಲೆಂದರೆ ಸಸ್ಯಾಹಾರಿ. ಒಳಗೆ ದುಡಿಯುವವರೆಲ್ಲ ಸಸ್ಯಾಹಾರಿಗಳಲ್ಲ. ಕುಂದಾಪುರ, ಕಾರ್ಕಳ, ಮಲ್ಪೆ ಕಡೆಯ ಹುಡುಗರು ಕೋಳಿ ಸಾರು, ಬಂಗುಡೆ ಪುಳಿಮುಂಚಿ ಉಂಡು ಬೆಳೆದವರು. ಮಲಗುವುದು ಹೋಟೆಲಿನ ಮಹಡಿಯ ಕೋಣೆಯಲ್ಲಿ. ಅಲ್ಲಿಗೆ ಮೀನು ಮಾಂಸ ಒಯ್ಯುವ ಹಾಗಿಲ್ಲ. ಗಿರಾಕಿಯ ನಂಬಿಕೆ ಆ ನಿಯಮದಲ್ಲಿದೆ, ಅದನ್ನು ಮುರಿಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ಸಂಜೆ ಮೀನು ಬಂದರಿನ ಕಡೆಯಿಂದ ಗಾಳಿ ಬೀಸಿದಾಗ ಪಾತ್ರೆ ತೊಳೆಯುವ ಹುಡುಗನ ಕೈ ಒಂದು ಗಳಿಗೆ ನಿಲ್ಲುವುದನ್ನು ನಾನು ನೋಡಿದ್ದೇನೆ.

ನಾನು ದುಡಿದ ಒಂದು ಹೋಟೆಲಿನಲ್ಲಿ, ಹೆಸರು ಬೇಡ, ಕೆಲಸಗಾರರ ಸಾಂಬಾರೇ ಬೇರೆ. ಗಿರಾಕಿಗಳಿಗೆ ಬಡಿಸಿ ತಳದಲ್ಲಿ ಉಳಿದದ್ದಕ್ಕೆ ಒಂದು ಬಕೆಟ್ಟು ಬಿಸಿನೀರು, ಒಂದು ಹಿಡಿ ಉಪ್ಪು. ರಾತ್ರಿ ಹನ್ನೊಂದಕ್ಕೆ ಅನ್ನ, ಆ ನೀರು, ಉಪ್ಪಿನಕಾಯಿ. ಹೊಟ್ಟೆ ತುಂಬುತ್ತಿತ್ತು, ಮೈ ತುಂಬುತ್ತಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಹಾಕಿಕೊಟ್ಟ ಲೆಕ್ಕದಂತೆ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಪ್ರೋಟೀನು ಬೇಕು. 100 ಗ್ರಾಂ ಅಕ್ಕಿಯಲ್ಲಿರುವುದು ಏಳೆಂಟು ಗ್ರಾಂ. ಬೇಳೆಯಿಲ್ಲದ ಸಾಂಬಾರಿನಿಂದ ಉಳಿದದ್ದು ಎಲ್ಲಿಂದ ಬರಬೇಕು?

ಇನ್ನು ಮೀಲ್ ಮೇಕರಿಗೆ ಬರುತ್ತೇನೆ. ಇಲ್ಲಿಯ ಜನ ಅದನ್ನು ಮಿಲ್ ಮೇಕರ್ ಎಂದೂ ಅನ್ನುತ್ತಾರೆ; ಗಿರಣಿಯ ಸೋದರರೇ, ಅದಕ್ಕೂ ನಿಮ್ಮ ಮಿಲ್ಲಿಗೂ ಸಂಬಂಧವಿಲ್ಲ. ಸೋಯಾ ಕಾಳಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟನ್ನು ನೀರಿನಲ್ಲಿ ನಾದಿ, ಬಿಸಿ ಕೊಳವೆಯೊಳಗೆ ತಿರುಪಿನಿಂದ ಒತ್ತುತ್ತಾರೆ. ನಮ್ಮ ಚಕ್ಕುಲಿ ಒರಳನ್ನು ನೆನೆದುಕೊಳ್ಳಿ. ಬಾಯಿಂದ ಹೊರಗೆ ಬೀಳುತ್ತಲೇ ಒಳಗಿನ ನೀರು ಆವಿಯಾಗಿ ಹಿಟ್ಟು ಉಬ್ಬುತ್ತದೆ, ಎಳೆಎಳೆಯಾಗುತ್ತದೆ. ಮಾಂಸದ ಹಾಗೆ ಹಲ್ಲಿಗೆ ಸಿಗುವುದು ಆ ಎಳೆ. 1960ರ ದಶಕದಲ್ಲಿ ಅಮೆರಿಕದ ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಕಂಪನಿ ಈ ಕೆಲಸವನ್ನು ದೊಡ್ಡದಾಗಿ ಹಿಡಿಯಿತು.

‘ಹಾಗಾದರೆ ಇದು ದನದ ಹಿಂಡಿಯೇ ಅಲ್ಲವೇ’ ಎಂದು ಒಬ್ಬ ಭಟ್ಟರು ನನ್ನನ್ನು ಕೇಳಿದರು. ಹಿಂಡಿ ಎಂದು ಹೀಗಳೆಯಬೇಡಿ. ನಮ್ಮ ಮೈಸೂರಿನಲ್ಲಿಯೇ, 1950ರಲ್ಲಿ ಆರಂಭವಾದ ಆಹಾರ ಸಂಶೋಧನಾಲಯದವರು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಸೇರಿಸಿ ಬಡವರಿಗೆಂದು ಒಂದು ಆಹಾರ ತಯಾರಿಸಿದ್ದರು. ಶುಚಿಯಾಗಿ ಮಾಡಿದರೆ ಮನುಷ್ಯನಿಗೂ ಬಲ ಕೊಡುವ ವಸ್ತುವೇ. 100 ಗ್ರಾಂ ಒಣ ಮೀಲ್ ಮೇಕರಿನಲ್ಲಿ ಹತ್ತಿರ ಹತ್ತಿರ 50 ಗ್ರಾಂ ಪ್ರೋಟೀನು, ತೊಗರಿಬೇಳೆಯಲ್ಲಿ 22ರಷ್ಟು. ಅರ್ಧ ಕಿಲೋ ನೆನೆಹಾಕಿದರೆ ಹತ್ತು ಜನಕ್ಕೆ ಸಾಕು, ತಲೆಗೆ 25 ಗ್ರಾಂ ಬಿತ್ತು. ಅದನ್ನು ತಿಂದರೆ ಗಂಡಸುತನ ಕುಗ್ಗುತ್ತದೆಂದು ಕೋಣೆಗಳಲ್ಲಿ ಪಿಸುಮಾತು ಇದೆ. ವೈದ್ಯರು ಪರೀಕ್ಷೆ ಮಾಡಿ ನೋಡಿದ್ದಾರೆ, ಹಾಗೇನೂ ಕಂಡಿಲ್ಲ. ಸೋಯಾ ಒಗ್ಗದ ಮೈಯವರು ಮುಟ್ಟಬಾರದು. ಥೈರಾಯಿಡ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿ ತಿನ್ನಲಿ.

ಗುಜ್ಜೆಯ ಮಾತು ಬೇರೆ. ಹಲ್ಲಿಗೆ ಗುಜ್ಜೆಯಷ್ಟು ಮಾಂಸಕ್ಕೆ ಹತ್ತಿರವಾದ ಕಾಯಿ ಇನ್ನೊಂದಿಲ್ಲ. ಗೋದಾವರಿ, ಕೃಷ್ಣಾ ಸೀಮೆಯ ಮದುವೆಗಳಲ್ಲಿ ಪನಸಕಾಯ ಬಿರಿಯಾನಿ ಮಾಡುತ್ತಾರೆ. ಎಳೆಯ ಹಲಸನ್ನು ನುಣ್ಣಗೆ ಕೊಚ್ಚಿ ‘ಪನಸಪೊಟ್ಟು’ ಎಂದು ಪೇಟೆಯಲ್ಲೇ ಮಾರುತ್ತಾರೆ, ಸಾಸಿವೆ ಅರೆದು ಹಾಕಿ ಪಲ್ಯ ಮಾಡುತ್ತಾರೆ. ಸೊಗಸಾದ ಅಡಿಗೆ, ಆಂಧ್ರದವರಿಗೆ ನಮಸ್ಕಾರ. ನಮ್ಮ ಗಸಿಗೆ ಪೊಟ್ಟು ಆಗದು, ಹೋಳು ಬೇಕೆಂದು ಕೇಳಿ ತನ್ನಿ. ಆದರೆ 100 ಗ್ರಾಂ ಗುಜ್ಜೆಯಲ್ಲಿ ಪ್ರೋಟೀನು ಎರಡು ಮೂರು ಗ್ರಾಂ ಮಾತ್ರ. ನಾಲಿಗೆಗೆ ಕೋಳಿ, ಮೈಗೆ ಬರೀ ತರಕಾರಿ. ನಮ್ಮ ಅಜ್ಜಿಯರು ಗುಜ್ಜೆಗೆ ಕಡಲೆ ಸೇರಿಸಿಯೇ ಬೇಯಿಸುತ್ತಿದ್ದರು. ಗುಜ್ಜೆ ಹೆಚ್ಚು ಕಂಡಿತೆಂದು ಕಡಲೆ ಬಿಡಬೇಡಿ.

ಮೀಲ್ ಮೇಕರ್ ರುಚಿಯಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಹಾಗೆಯೇ ಸಾಂಬಾರಿಗೆ ಎಸೆಯುವವರು. ನೀರು ಕುದಿಸಿ, ಉಪ್ಪು ಹಾಕಿ, ಒಲೆಯಿಂದ ಇಳಿಸಿ ಅದರಲ್ಲಿ ಕಾಲು ಗಂಟೆ ಬಿಡಿ. ಆಮೇಲೆ ತಣ್ಣೀರಲ್ಲಿ ಎರಡು ಸಲ ತೊಳೆದು ಬಟ್ಟೆ ಹಿಂಡುವ ಹಾಗೆ ಹಿಂಡಿ. ಒಳಗೆ ನೀರು ಉಳಿದರೆ ಮಸಾಲೆ ಹೋಗುವುದಕ್ಕೆ ಜಾಗವಿಲ್ಲ, ಸೋಯಾ ವಾಸನೆಯೂ ಹೋಗುವುದಿಲ್ಲ. ಅರಸಿನ, ಮೆಣಸಿನ ಪುಡಿ, ಶುಂಠಿ ಬೆಳ್ಳುಳ್ಳಿ, ಲಿಂಬೆ ರಸ ಸವರಿ ಅರ್ಧ ಗಂಟೆ ಇಡಿ. ಕೋಳಿಯಲ್ಲಿ ಕೊಬ್ಬಿದೆ, ಇದರಲ್ಲಿ ಇಲ್ಲವೆಂದೇ ಹೇಳಬೇಕು; ಆದ್ದರಿಂದ ಎಣ್ಣೆಗೆ ಕೈ ಹಿಡಿಯದೆ ಅಂಚು ಕೆಂಪಾಗುವವರೆಗೆ ಹುರಿಯಿರಿ. ಮಸಾಲೆ ನಿಮಗೆ ನಾನು ಹೇಳಬೇಕೇ? ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕು ಕಾಳು ಮೆಂತ್ಯ, ಬೆಳ್ಳುಳ್ಳಿ, ಹುರಿದ ತೆಂಗಿನತುರಿ, ಹುಣಿಸೆ. ಒಂದೇ ಎಚ್ಚರಿಕೆ: ಬ್ಯಾಡಗಿ ಮೆಣಸು ಹಾಕುವ ಲೆಕ್ಕದಲ್ಲಿ ಗುಂಟೂರು ಮೆಣಸು ಹಾಕಬೇಡಿ, ರಾತ್ರಿಯಿಡೀ ನೀರಿನ ಕೊಡದ ಹತ್ತಿರವೇ ಮಲಗಬೇಕಾದೀತು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಎರಡೋ ಮೂರೋ ಗುಂಟೂರು. ಮಸಾಲೆಯಲ್ಲಿ ಕಾಲು ಗಂಟೆ ಕುದಿಸಿ ಒಂದು ಗಂಟೆ ಮುಚ್ಚಿಡಿ, ಆಮೇಲೆ ರೊಟ್ಟಿಯ ಮೇಲೆ ಸುರಿಯಿರಿ. ಕೋಳಿಯಾಯಿತೇ ಎಂದರೆ ಆಗಲಿಲ್ಲ. ಊರಿನ ಸಾರು ಆಯಿತು, ಅಷ್ಟು ಸಾಕು.

ಗಿರಾಕಿಗೆ ಬಡಿಸುವಾಗ ಮಾತ್ರ ಮುಚ್ಚುಮರೆ ಬೇಡ. ಬಿರಿಯಾನಿಯಲ್ಲಿ ಮೀಲ್ ಮೇಕರ್ ಕಂಡ ವೃದ್ಧರೊಬ್ಬರು ಮಾಂಸವೆಂದು ತಿಳಿದು ತಟ್ಟೆ ತಳ್ಳಿ ಎದ್ದರೆ, ಬೈಗುಳ ಗಲ್ಲಾದವರೆಗೆ ಹೋಗುವುದಿಲ್ಲ, ಸಪ್ಲೈ ಮಾಡಿದ ಹುಡುಗನ ಮೇಲೆ ಬೀಳುತ್ತದೆ. ಅದಕ್ಕೇ ಬೋರ್ಡಿನ ಮೇಲೆ ತೆಲುಗಿನಲ್ಲಿ ಸ್ಪಷ್ಟವಾಗಿ ಬರೆಸಬೇಕೆಂದು ನಾವೇ ಕೇಳಬೇಕು.

ನನ್ನ ಸೂಚನೆ ಇಷ್ಟು. ಊಟ ಸಮೇತ ಸಂಬಳ ಎನ್ನುವ ಕಡೆ ಆ ಊಟದಲ್ಲಿ ಏನಿರಬೇಕೆಂಬುದೂ ಮಾತಾಗಲಿ: ದಿನವೂ ಬೇಳೆಯಿರುವ ಸಾಂಬಾರು, ವಾರಕ್ಕೆ ಎರಡು ದಿನ ಮೀಲ್ ಮೇಕರೋ ಕಡಲೆಯೋ, ಒಂದೇ ಹಂಡೆಯಿಂದ ಗಿರಾಕಿಗೂ ಕೆಲಸಗಾರನಿಗೂ. ಧಣಿಗಳು ಖರ್ಚಿನ ಮಾತೆತ್ತಿದರೆ ಹತ್ತು ಜನಕ್ಕೆ ಅರ್ಧ ಕಿಲೋ ಎಂಬ ಲೆಕ್ಕ ಮುಂದಿಡಿ. ಮೊದಲು ಅವರಿಗೇ ಒಂದು ಬಟ್ಟಲು ಬಡಿಸಿ, ಆಮೇಲೆ ಮಾತಿಗೆ ಕೂರಿ. ಊರಿಗೆ ಹೋಗಿಬರುವವರು ಒಂದೊಂದು ಕಿಲೋ ಬ್ಯಾಡಗಿ ಮೆಣಸು ತಂದು ಸಂಘದ ಕೋಣೆಯಲ್ಲಿ ಕೊಡಿ. ಬೇಕಾದವರು ಕೊಂಡ ಬೆಲೆಗೆ ಅಲ್ಲಿಂದ ಒಯ್ಯಬಹುದು.