ಶಾಲೆಯ ಗಡಿ ಬದಲಾದಾಗ ನಮ್ಮ ಹೊಣೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಆತನ ಅಂತಿಮ ಪ್ರವಾದಿ ಹಝ್ರತ್ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಶಾಂತಿ ಮತ್ತು ಅನುಗ್ರಹವಿರಲಿ.

ಆದರಣೀಯ ಸತ್ಯವಿಶ್ವಾಸಿಗಳೇ, ಅಲ್ಲಾಹನನ್ನು ಭಯಪಟ್ಟು ಬಾಳಬೇಕೆಂದು ಮೊದಲು ನಮಗೆ ನಾವೇ, ಆ ಬಳಿಕ ತಮಗೆಲ್ಲರಿಗೂ ವಸಿಯ್ಯತ್ ಮಾಡುತ್ತೇವೆ.

ಕಳೆದ ವಾರ ಅಸ್ರ್ ನಮಾಝ್ ಮುಗಿಸಿ ಹೊರಬಂದಾಗ ಹತ್ತು ಹನ್ನೆರಡು ಮಂದಿ ತಾಯಂದಿರು ಮಸೀದಿಯ ಗೇಟಿನ ಬಳಿ ಕಾಯುತ್ತಿದ್ದರು. ನಮ್ಮ ಮೊಹಲ್ಲಾದ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಯೊಂದಿಗೆ ವಿಲೀನ ಮಾಡುವ ಮಾತು ಕೇಳಿಬಂದಿದೆ. ಆ ತಾಯಂದಿರಿಗೆ ಅದೇ ಚಿಂತೆ. ಒಬ್ಬರು ಹೇಳಿದರು: "ಹಝ್ರತ್, ನನ್ನ ಮಗಳಿಗೆ ಏಳು ವರ್ಷ. ಲಾರಿ ಓಡಾಡೋ ರಸ್ತೆ ದಾಟಬೇಕು. ನಾನು ಬೆಳಿಗ್ಗೆ ಏಳೂವರೆಗೆ ಗಾರ್ಮೆಂಟ್ಸ್‌ಗೆ ಹೊರಡಬೇಕು. ಯಾರು ಕರಕೊಂಡು ಹೋಗೋದು?" ಇನ್ನೊಬ್ಬರು ತಲೆ ತಗ್ಗಿಸಿ ಹೇಳಿದರು: "ಅವರಪ್ಪ ಅಂತಾರೆ, ಅಷ್ಟು ದೂರ ಆದ್ರೆ ಶಾಲೆ ಬೇಡ, ಮದ್ರಸ ಒಂದೇ ಸಾಕು ಅಂತ."

ಸಹೋದರರೇ, ಶಾಲೆಯ ಗಡಿ ಖುತ್ಬಾದ ವಿಷಯವೇ ಎಂದು ಯಾರಿಗಾದರೂ ಅನಿಸಬಹುದು. ಅವರು ಒಂದು ಹದೀಸನ್ನು ನೆನಪು ಮಾಡಿಕೊಳ್ಳಲಿ. ಪ್ರವಾದಿವರ್ಯರು(ಸ) ದೀರ್ಘವಾಗಿ ನಮಾಝ್ ಮಾಡಿಸಬೇಕೆಂದು ನಿಲ್ಲುತ್ತಿದ್ದರು. ಹಿಂದಿನಿಂದ ಮಗುವೊಂದು ಅಳುವುದು ಕೇಳಿಸಿದರೆ ನಮಾಝನ್ನು ಚಿಕ್ಕದಾಗಿ ಮುಗಿಸುತ್ತಿದ್ದರು. ಆ ಮಗುವಿನ ತಾಯಿಗೆ ಎಷ್ಟು ಸಂಕಟವಾಗುತ್ತಿರಬಹುದು ಎಂಬುದೇ ಅದಕ್ಕೆ ಕಾರಣವಾಗಿತ್ತೆಂದು ಬುಖಾರಿಯ ವರದಿಯಲ್ಲಿದೆ. ನಮಾಝ್‌ಗಿಂತ ದೊಡ್ಡ ಕಾರ್ಯ ಯಾವುದಿದೆ? ಆದರೂ ಒಬ್ಬ ತಾಯಿಯ ಚಿಂತೆಗಾಗಿ ಇಡೀ ಜಮಾಅತ್‌ನ ನಮಾಝ್ ಚಿಕ್ಕದಾಯಿತು. ಹಾಗಿರುವಾಗ ಗೇಟಿನ ಬಳಿ ನಿಂತ ಹನ್ನೆರಡು ತಾಯಂದಿರ ಚಿಂತೆ ನಮ್ಮ ವಿಷಯವಲ್ಲ ಎನ್ನಲು ನಮಗೆ ಯಾವ ಬಾಯಿಯಿದೆ?

ಮೊದಲು ಕಾನೂನು ಏನು ಹೇಳುತ್ತದೆಂದು ತಿಳಿಯೋಣ. ತಿಳಿಯದೆ ಕೂಗಾಡಿದರೆ ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ. 2002ರ 86ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 21ಎ ವಿಧಿ ಸೇರಿತು. 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿಗೊಳಿಸುವ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಆ ಕಾಯ್ದೆ ನೆರೆಹೊರೆಯ ಶಾಲೆ ಎಂಬ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಒಂದರಿಂದ ಐದನೇ ತರಗತಿಯ ಮಗುವಿಗೆ 1 ಕಿ.ಮೀ. ಒಳಗೆ, ಆರರಿಂದ ಎಂಟನೇ ತರಗತಿಯ ಮಗುವಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕೆಂಬುದು ನಿಯಮಗಳ ಅಳತೆ. ಅಷ್ಟರೊಳಗೆ ಶಾಲೆ ಇಲ್ಲದ ಸಣ್ಣ ಊರು, ಕೇರಿಗಳ ಮಕ್ಕಳಿಗೆ ವಾಹನದಂಥ ವ್ಯವಸ್ಥೆ ಮಾಡುವುದು ಸರಕಾರದ ಕೆಲಸ. ಆದ್ದರಿಂದ ಆ ತಾಯಂದಿರು ದಯೆ ಬೇಡುತ್ತಿಲ್ಲ, ಹಕ್ಕು ಕೇಳುತ್ತಿದ್ದಾರೆ.

ಆದರೆ ನ್ಯಾಯವಾಗಿ ಮಾತಾಡಬೇಕಾದವರು ಇನ್ನೊಂದು ಬದಿಯನ್ನೂ ಹೇಳಬೇಕು. ಯಾರ ಮೇಲಿನ ಅಸಮಾಧಾನವೂ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಕುರ್‌ಆನ್ ಸೂರಃ ಅಲ್ ಮಾಇದಃದಲ್ಲಿ ಎಚ್ಚರಿಸಿದೆ. ಹದಿನೈದು ಮಕ್ಕಳು, ಒಬ್ಬರೇ ಟೀಚರು, ಒಂದೇ ಕೋಣೆಯಲ್ಲಿ ಎಲ್ಲ ತರಗತಿ. ಟೀಚರು ಟ್ರೈನಿಂಗಿಗೆ ಹೋದ ದಿನ ಪಾಠವೇ ಇಲ್ಲ. ಇಂಥ ಶಾಲೆಯಲ್ಲಿ ಮಗು ನಿಜವಾಗಿ ಕಲಿಯುತ್ತದೆಯೇ? ಪೂರ್ವ ಪ್ರಾಥಮಿಕದಿಂದ ಪಿಯುಸಿಯವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಯಂಥ ಕಡೆ ತರಗತಿಗೊಬ್ಬ ಶಿಕ್ಷಕರು, ಆಟದ ಮೈದಾನ, ಲೈಬ್ರರಿ ಸಿಗುವುದಾದರೆ ಅದರಲ್ಲಿ ಒಳಿತಿಲ್ಲ ಎನ್ನಲಾಗದು. ಹಾಗಾದರೆ ನಮ್ಮ ಪ್ರಶ್ನೆ ಸರಳ. ಆ ಒಳಿತು ಅಲ್ಲಿಯವರೆಗೆ ನಡೆಯಲಾರದ ಮಗುವಿಗೆ ತಲುಪುವುದು ಹೇಗೆ? ಇದಕ್ಕೆ ಉತ್ತರ ಸಿಗುವ ಮುನ್ನ ಇಲ್ಲಿನ ಬಾಗಿಲು ಮುಚ್ಚಬಾರದು.

ಒಬ್ಬ ಹಿರಿಯರು ನಮಗೆ ಹೇಳಿದರು: "ನಾವೆಲ್ಲ ನಾಲ್ಕು ಮೈಲಿ ನಡೆದೇ ಓದಿದವರು. ಇಲ್ಮ್‌ಗಾಗಿ ನಡೆಯುವುದು ಸವಾಬಿನ ಕೆಲಸವಲ್ಲವೇ?" ನಿಜ. ಮಸೀದಿಯಿಂದ ದೂರವಿದ್ದ ಬನೂ ಸಲಿಮಃದವರು ಹತ್ತಿರಕ್ಕೆ ಮನೆ ಬದಲಿಸಲು ಬಯಸಿದಾಗ, ಅವರ ಹೆಜ್ಜೆಗಳು ದಾಖಲಾಗುತ್ತಿವೆಯೆಂದು ಪ್ರವಾದಿವರ್ಯರು(ಸ) ಸಂತೈಸಿದ್ದರು. ಆದರೆ ಹಾಗೆ ನಡೆಯುತ್ತಿದ್ದವರು ಬಲ್ಲ ದೊಡ್ಡವರು. ನಮ್ಮ ಮಾತಿರುವುದು ಏಳು ವರ್ಷದ ಹುಡುಗಿಯ ಬಗ್ಗೆ, ಸಿಗ್ನಲ್ ಇಲ್ಲದ ಹೆದ್ದಾರಿಯ ಬಗ್ಗೆ. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದೂ ಈಮಾನಿನ ಒಂದು ಭಾಗವೆಂದು ಕಲಿಸಿದ ದೀನ್ ನಮ್ಮದು. ಹಿರಿಯರಿಗೆ ಸವಾಬು ಬೇಕಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಆ ರಸ್ತೆಯ ಬದಿಯಲ್ಲಿ ನಿಂತು ಮಕ್ಕಳ ಕೈಹಿಡಿದು ದಾಟಿಸಲಿ.

ಸತ್ಯವಿಶ್ವಾಸಿಗಳೇ, ಈಗ ನಮ್ಮ ತಪ್ಪಿಗೆ ಬರೋಣ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರುಗಳು ಒಂದೇ ದಿನದಲ್ಲಿ ಕಡಿಮೆಯಾಗಲಿಲ್ಲ. ಸ್ವಲ್ಪ ಅನುಕೂಲವಾದ ಕೂಡಲೇ ನಾವು ಮಕ್ಕಳನ್ನು ಖಾಸಗಿ ಶಾಲೆಯ ವ್ಯಾನ್ ಹತ್ತಿಸಿದೆವು. ಅದು ಹರಾಮ್ ಅಲ್ಲ. ಆದರೆ ಹಾಗೆ ಹೋದ ಮೇಲೆ ಹಿಂದೆ ಉಳಿದವರು ಯಾರೆಂದು ತಿರುಗಿ ನೋಡಲಿಲ್ಲ. ಉಳಿದದ್ದು ಗುಜರಿ ಹೆಕ್ಕುವವರ, ಬೀಡಿ ಕಟ್ಟುವವರ, ಗಾರೆ ಕೆಲಸದವರ ಮಕ್ಕಳು. ಈಗ ಮಕ್ಕಳ ಸಂಖ್ಯೆ ಸಾಲದೆಂಬ ಮಾತು ಬಂದಾಗ, ಆ ಸಂಖ್ಯೆಯಿಂದ ಮೊದಲು ಹೊರಬಿದ್ದವರು ನಾವೇ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ವಿಷಯವೂ ಹೀಗೆಯೇ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಆರ್‌ಟಿಇ ಕಾಯ್ದೆ ಹೇಳುತ್ತದೆ. ಇಷ್ಟು ದೊಡ್ಡ ಅಧಿಕಾರವನ್ನು ನಾವು ಏನು ಮಾಡಿದೆವು? ಮೀಟಿಂಗಿಗೆ ಕರೆದರೆ ಹೋಗಲಿಲ್ಲ. ರಿಜಿಸ್ಟರನ್ನು ಮನೆಗೆ ತಂದರೆ ಓದದೆ ಸಹಿ ಹಾಕಿದೆವು. ಹಾಗೆ ಹಾಕಿದ ಸಹಿಯ ಬಗ್ಗೆಯೂ ನಾಳೆ ಪ್ರಶ್ನೆ ಇದೆ. ಪ್ರತಿಯೊಬ್ಬನೂ ಕಾವಲುಗಾರ, ತನ್ನ ಕೈಕೆಳಗಿನವರ ಬಗ್ಗೆ ಅವನನ್ನು ವಿಚಾರಿಸಲಾಗುವುದು ಎಂಬ ಹದೀಸಿನ ಆಶಯ ಇಂಥ ರಿಜಿಸ್ಟರಿಗೂ ಅನ್ವಯಿಸುತ್ತದೆ.

ಇನ್ನೊಂದು ಗೆರೆಯ ಬಗ್ಗೆಯೂ ಹೇಳಬೇಕಿದೆ. ಖಾಸಗಿ ಅನುದಾನರಹಿತ ಶಾಲೆಗಳು ಆರಂಭದ ತರಗತಿಯಲ್ಲಿ 25% ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂದು ಆರ್‌ಟಿಇ ಕಾಯ್ದೆಯಲ್ಲಿದೆ. ನಮ್ಮ ರಾಜ್ಯದಲ್ಲಿ ಈ ಸೀಟಿಗೆ ಹಳ್ಳಿಯಲ್ಲಿ ಕಂದಾಯ ಗ್ರಾಮದ ಗಡಿ, ನಗರದಲ್ಲಿ ವಾರ್ಡಿನ ಗಡಿ ಲೆಕ್ಕಕ್ಕೆ ಬಂತು. ಗೋಡೆಗೆ ಗೋಡೆ ತಾಗಿದ ಶಾಲೆಯೂ ಇನ್ನೊಂದು ವಾರ್ಡಿನಲ್ಲಿದ್ದರೆ ಕೈತಪ್ಪಿತು. ಆಮೇಲೆ 2019ರಲ್ಲಿ ನಿಯಮವನ್ನೇ ತಿದ್ದಿದರು. ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದಾಯಿತು. ಹೈಕೋರ್ಟ್ ಕೂಡ ಅದೇ ವರ್ಷ ಅದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರದಲ್ಲಿ 2024ರಲ್ಲಿ ಇಂಥದೇ ನಿಯಮ ಬಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ಒಪ್ಪಿತು. ಒಂದೇ ಕಾಯ್ದೆಯಡಿ ಎರಡು ರಾಜ್ಯಗಳಲ್ಲಿ ಬಡ ಮಗುವಿಗೆ ಎರಡು ಬಗೆಯ ಉತ್ತರ ಸಿಕ್ಕಿದೆ. ಕಾನೂನಿನ ದಾರಿಯಲ್ಲಿ ಕೇಳುತ್ತಲೇ ಇರುವುದು ವ್ಯರ್ಥವಲ್ಲ ಎಂಬುದಕ್ಕೆ ಮಹಾರಾಷ್ಟ್ರದ ಹೆತ್ತವರೇ ಸಾಕ್ಷಿ.

ಆದರೆ ಗಡಿ ಅಡ್ಡ ಬಂದಾಗ ನಮ್ಮಲ್ಲಿ ಕೆಲವರು ಬೇರೆ ದಾರಿ ಹಿಡಿದದ್ದನ್ನು ಕಂಡಿದ್ದೇವೆ. ಆ ವಾರ್ಡಿನ ಪರಿಚಯದವರ ಮನೆಯ ಹೆಸರಲ್ಲಿ ಸುಳ್ಳು ಬಾಡಿಗೆ ಕರಾರು, ಸುಳ್ಳು ಆದಾಯ ಪತ್ರ. ಮಗುವಿನ ಭವಿಷ್ಯಕ್ಕಾಗಿ ತಾನೇ ಎಂಬ ಸಮಾಧಾನ. ಸಹೋದರರೇ, ಮಹಾಪಾಪಗಳ ಬಗ್ಗೆ ಹೇಳುತ್ತಾ ಒರಗಿ ಕುಳಿತಿದ್ದ ಪ್ರವಾದಿವರ್ಯರು(ಸ), ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತರು. ಇನ್ನು ಸಾಕು ಮಾಡಬಾರದೇ ಎಂದು ಸಹಾಬಿಗಳಿಗೆ ಅನಿಸುವಷ್ಟು ಸಲ ಅದನ್ನು ಪುನರುಚ್ಚರಿಸಿದರು. ಲಾಟರಿಯಲ್ಲಿ ಸುಳ್ಳು ವಿಳಾಸದಿಂದ ಬಂದ ಆ ಸೀಟು ಆ ಬೀದಿಯ ಇನ್ನೊಂದು ಬಡ ಮಗುವಿನದಾಗಿತ್ತು. ನಮ್ಮ ಮಗುವಿನ ಮೊದಲ ಅಕ್ಷರ ಇನ್ನೊಂದು ಮಗುವಿನ ಹಕ್ಕಿನ ಮೇಲೆ ಬರೆದದ್ದಾಗಬಾರದು. ಗಡಿ ಅನ್ಯಾಯದ್ದೆನಿಸಿದರೆ ಗಡಿಯ ವಿರುದ್ಧ ಅರ್ಜಿ ಬರೆಯೋಣ, ಸುಳ್ಳು ಬರೆಯುವುದು ಬೇಡ.

ಗಡಿ ಬದಲಾದರೆ ನಮ್ಮ ಮಕ್ಕಳು ಹೋಗುವುದಷ್ಟೇ ಅಲ್ಲ, ಬೇರೆಯವರ ಮಕ್ಕಳು ನಮ್ಮಲ್ಲಿಗೂ ಬರುತ್ತಾರೆ. ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿರುವವರ ಮಕ್ಕಳು ಜಮಾಅತ್‌ನ ಶಾಲೆಗೆ ಬಂದರೆ ನಮ್ಮ ಮಕ್ಕಳ ಭಾಷೆ ಕೆಡುತ್ತದೆ ಎಂದವರೂ ನಮ್ಮಲ್ಲಿದ್ದಾರೆ. ಸೂರಃ ಅಬಸ ಏಕೆ ಅವತೀರ್ಣವಾಯಿತೆಂದು ಅವರು ನೆನೆಯಲಿ. ಪ್ರವಾದಿವರ್ಯರು(ಸ) ಮಕ್ಕಾದ ಮುಖಂಡರೊಂದಿಗೆ ಮಾತಾಡುತ್ತಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಕಲಿಯಬೇಕೆಂದು ಬಂದರು. ಆ ಹೊತ್ತಿನಲ್ಲಿ ಅವರತ್ತ ಗಮನ ಕೊಡಲಾಗಲಿಲ್ಲ. ಕಲಿಯುವ ಹಂಬಲದಿಂದ ಬಂದವನನ್ನು ಬದಿಗಿರಿಸಿದ್ದಕ್ಕೆ ಅಲ್ಲಾಹನು ತನ್ನ ಪ್ರವಾದಿಯನ್ನೇ ಎಚ್ಚರಿಸಿದನು. ಹಾಗಿದ್ದಮೇಲೆ ಬ್ಯಾಗ್ ಹೊತ್ತು ಬಾಗಿಲಿಗೆ ಬಂದ ಮಗುವನ್ನು ನೋಡಿ ಮುಖ ಸಿಂಡರಿಸಲು ನಾವು ಯಾರು?

ಹೆದ್ದಾರಿಯಾಚೆಯ ಶಾಲೆಯ ಹೆತ್ತವರಿಗೂ ನಮ್ಮ ಮಕ್ಕಳ ಬಗ್ಗೆ ಸಂಕೋಚವಿರಬಹುದು, ನಮಗೂ ಅವರ ಬಗ್ಗೆ ಇರಬಹುದು. ಅದನ್ನು ಮೊದಲು ಮುರಿಯಬೇಕಾದವರು ನಾವು. ನೆರೆಯವನ ಬಗ್ಗೆ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ನೆರೆಯವನನ್ನು ವಾರಸುದಾರನನ್ನಾಗಿಯೇ ಮಾಡಿಬಿಡುವರೇನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸಿತ್ತು. ನಮ್ಮ ಶಾಲೆಯಲ್ಲಿ ಪಕ್ಕದ ಕಾಲೊನಿಯ ದಲಿತ ಕುಟುಂಬಗಳ ಮಕ್ಕಳೂ ಇದ್ದಾರೆ. ಅವರೂ ಅದೇ ರಸ್ತೆ ದಾಟಬೇಕು, ಅವರ ತಾಯಂದಿರದ್ದೂ ಅದೇ ಚಿಂತೆ. ಆದ್ದರಿಂದ ಅರ್ಜಿ ಮುಸ್ಲಿಮರ ಅರ್ಜಿಯಾಗುವುದು ಬೇಡ, ಹೆತ್ತವರ ಅರ್ಜಿಯಾಗಲಿ.

ಇನ್ನು ಮಾಡಬೇಕಾದದ್ದೇನು? ಮೊದಲನೆಯದಾಗಿ, ಈ ವಾರ ಜಮಾಅತ್‌ನ ಯುವಕರು ಮನೆಮನೆಗೆ ಹೋಗಿ ಶಾಲೆಯ ಪ್ರತಿ ಮಗುವಿನ ಹೆಸರು, ತರಗತಿ, ಮನೆಯಿಂದ ಹೊಸ ಶಾಲೆಗಿರುವ ದೂರವನ್ನು ಬರೆದುಕೊಳ್ಳಲಿ. ಆ ದಾರಿಯನ್ನು ನಡೆದೇ ಅಳೆಯಲಿ. ಎರಡನೆಯದಾಗಿ, ಎಸ್‌ಡಿಎಂಸಿ ಸಭೆ ಕರೆಸಿ, ತಾಯಂದಿರೇ ಮಾತಾಡಲಿ, ನಿರ್ಣಯ ಬರಹದಲ್ಲಿರಲಿ. ಮೂರನೆಯದಾಗಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯೋಣ. ವಾಹನ, ರಸ್ತೆ ದಾಟುವ ಸುರಕ್ಷಿತ ವ್ಯವಸ್ಥೆ, ಚಿಕ್ಕ ತರಗತಿಗಳನ್ನಾದರೂ ಇಲ್ಲೇ ಉಳಿಸುವುದು, ಇವೇ ನಮ್ಮ ಬೇಡಿಕೆಗಳು. ಮಗುವಿನ ಹಕ್ಕಿನ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾಯ್ದೆಯಲ್ಲಿದೆ. ಅಲ್ಲಿಯೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ತೀರ್ಮಾನ ಏನೇ ಬರಲಿ, ಒಬ್ಬ ಹುಡುಗಿಯೂ ಶಾಲೆ ಬಿಡಬಾರದು. ದೂರದ ನೆಪದಲ್ಲಿ ಮಗಳನ್ನು ಮನೆಯಲ್ಲಿ ಕೂರಿಸುವ ತಂದೆಗೆ ನಾವು ಹೇಳುವುದಿಷ್ಟೆ: ಮದ್ರಸವೂ ಬೇಕು, ಶಾಲೆಯೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕಿತ್ತುಕೊಳ್ಳುವ ಹಕ್ಕು ತಮಗಿಲ್ಲ. ಕರೆದೊಯ್ಯಲು ಜನವಿಲ್ಲದಿದ್ದರೆ ಮಸೀದಿಗೆ ಬಂದು ಹೇಳಿ. ಮಕ್ಕಳನ್ನು ಗುಂಪಾಗಿ ಕರೆದೊಯ್ಯುವ ಪಾಳಿಗೆ ಕಮಿಟಿಯ ಸದಸ್ಯರ ಹೆಸರುಗಳನ್ನೇ ಮೊದಲು ಬರೆಯುತ್ತೇವೆ. ಆಟೋ ಓಡಿಸುವ ಸಹೋದರರು ಬೆಳಗ್ಗೆ ಒಂದು ಟ್ರಿಪ್ ಸದಕಾ ಎಂದು ಬಿಟ್ಟುಕೊಟ್ಟರೂ ಎಷ್ಟೋ ಮಕ್ಕಳ ದಾರಿ ಸುಲಭವಾಗುತ್ತದೆ.

ಆ ತಾಯಂದಿರಿಗೆ ಅಂದು ನಾವು ಉತ್ತರ ಕೊಡಲಿಲ್ಲ, ಜುಮಾದಲ್ಲಿ ಹೇಳುತ್ತೇವೆಂದಷ್ಟೇ ಹೇಳಿದ್ದೆವು. ಇಂದು ತಮ್ಮೆಲ್ಲರ ಮುಂದೆ ಹೇಳಿದ್ದೇವೆ. ಇನ್ನು ಇದು ಅವರ ಚಿಂತೆ ಮಾತ್ರವಲ್ಲ, ನಮ್ಮೆಲ್ಲರ ಮೇಲಿನ ಅಮಾನತ್. ಪಾಳಿಗೆ ಹೆಸರು ಕೊಡುವವರು ನಮಾಝಿನ ಬಳಿಕ ಕಚೇರಿಗೆ ಬನ್ನಿ.

ಅಲ್ಲಾಹನು ನಮ್ಮ ಮಕ್ಕಳ ದಾರಿಯನ್ನು ಸುರಕ್ಷಿತಗೊಳಿಸಲಿ. ಅವರಿಗೆ ಉಪಯುಕ್ತ ಜ್ಞಾನವನ್ನು ದಯಪಾಲಿಸಲಿ. ಹಕ್ಕು ಕೇಳುವಾಗ ಧೈರ್ಯವನ್ನೂ, ಕಾಗದ ಬರೆಯುವಾಗ ಸತ್ಯವನ್ನೂ, ಇನ್ನೊಬ್ಬರ ಮಗು ನಮ್ಮ ಬಾಗಿಲಿಗೆ ಬಂದಾಗ ವಿಶಾಲ ಹೃದಯವನ್ನೂ ನಮಗೆ ಕೊಡಲಿ. ಆಮೀನ್.